ಬಂತು, ಬಂತಂತೆ, ಬಂದೀತು

(ಕಾಸರಗೋಡಿನಲ್ಲಿ ನಡೆದ ರಕ್ಷಕ-ಶಿಕ್ಷಕ ಸಭೆಯೊಂದರಲ್ಲಿ ಕನ್ನಡ ಮಾಧ್ಯಮದ ಹೆತ್ತವರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಮಕ್ಕಳ ಬರವಣಿಗೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಕೇಳಿಕೊಂಡಿದ್ದಾರೆ. ಆ ವಿಷಯಕ್ಕೆ ನಾನು ಸ್ವಲ್ಪ ಸುತ್ತು ದಾರಿಯಿಂದ ಬರುತ್ತೇನೆ, ಬೇಸರಿಸಬೇಡಿ. ಗುಪ್ತಚರ ಇಲಾಖೆಗೆ ಹೊಸದಾಗಿ ಸೇರಿದವರಿಗೆ ಯೋಚಿಸುವುದನ್ನೂ ಬರೆಯುವುದನ್ನೂ ಹೇಗೆ ಕಲಿಸುತ್ತಾರೆ ಎಂಬಲ್ಲಿಂದ ಆರಂಭಿಸುತ್ತೇನೆ.

ನೀವು ನಗುತ್ತೀರಿ. ಗುಪ್ತಚರ ಎಂದ ಕೂಡಲೆ ಕಪ್ಪು ಕನ್ನಡಕ, ಅಂಟಿಸಿದ ಮೀಸೆ ಕಣ್ಣ ಮುಂದೆ ಬರುತ್ತದೆ. ಆದರೆ ಅಂಥ ಇಲಾಖೆಗಳಲ್ಲಿ ಮೇಜಿನ ಮುಂದೆ ಕುಳಿತೇ ಕೆಲಸ ಮಾಡುವ ಒಂದು ದೊಡ್ಡ ವರ್ಗವಿದೆ. ಅವರಿಗೆ ವಿಶ್ಲೇಷಕರು ಎಂದು ಹೆಸರು. ಸುದ್ದಿ ತರುವವರು ಬೇರೆ, ತಂದ ಸುದ್ದಿಯನ್ನು ತೂಗಿ ನೋಡುವವರು ಬೇರೆ. ನೂರು ಕಡೆಯಿಂದ ಬಂದ ಕಾಗದ, ಚಿತ್ರ, ಮಾತು ಎಲ್ಲವನ್ನೂ ಓದಿ, ಏನು ಆಗಿದೆ, ಮುಂದೆ ಏನಾದೀತು ಎಂದು ಒಂದೆರಡು ಪುಟದಲ್ಲಿ ಬರೆದು ಮೇಲಿನವರಿಗೆ ಕೊಡುವುದು ಇವರ ಕೆಲಸ. ಅಂದರೆ ಇವರು ಮಾಡುವುದು ಓದುವುದು ಮತ್ತು ಬರೆಯುವುದು. ನಮ್ಮ ಮಕ್ಕಳು ಮಾಡುವುದೂ ಅದನ್ನೇ. ವ್ಯತ್ಯಾಸ ಇಷ್ಟೆ, ನಮ್ಮ ಮಕ್ಕಳು ತಪ್ಪು ಬರೆದರೆ ಅಂಕ ಹೋಗುತ್ತದೆ, ಅವರು ತಪ್ಪು ಬರೆದರೆ ಜೀವ ಹೋಗುತ್ತದೆ.

ನನಗೆ ಈ ವಿಷಯದ ಗೀಳು ಹತ್ತಿಸಿದವನು ನನ್ನದೇ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿ ತನಕ ಕನ್ನಡ ಮಾಧ್ಯಮದಲ್ಲಿ ಕಲಿತವನು. ಪದವಿ ಮುಗಿಸಿ ನಮ್ಮ ದೇಶದ ಇಂಟೆಲಿಜೆನ್ಸ್ ಬ್ಯೂರೋದ ಪರೀಕ್ಷೆಗೆ ತಯಾರಿ ಮಾಡುತ್ತಿದ್ದ. ಆ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ ಗುರುತು ಹಾಕುವ ಪ್ರಶ್ನೆಗಳ ಜೊತೆಗೆ ಪ್ರಬಂಧ ಬರೆಯುವುದೂ ಇದೆ. “ಟೀಚರ್, ಒಂದು ಬರೆದಿದ್ದೇನೆ, ನೋಡಿ ಕೊಡುವಿರಾ?” ಎಂದು ತಂದ. ನಾಲ್ಕು ಪುಟ. ಅಕ್ಷರ ಮುತ್ತಿನಂತೆ. “ಅನಾದಿ ಕಾಲದಿಂದಲೂ” ಎಂಬಂಥ ಮಾತಿನಿಂದ ಶುರುವಾಗಿ “ಎಲ್ಲರೂ ಕೈಜೋಡಿಸಬೇಕಾಗಿದೆ” ಎಂಬಂಥ ಮಾತಿನಲ್ಲಿ ಮುಗಿದಿತ್ತು. ಓದಿ ಮುಗಿಸಿ “ನಿನ್ನ ಅಭಿಪ್ರಾಯ ಏನು?” ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ನೀವು ಕಲಿಸಿದ ಹಾಗೆಯೇ ಬರೆದಿದ್ದೇನಲ್ಲ ಟೀಚರ್, ಪೀಠಿಕೆ, ವಿಷಯ ವಿವರಣೆ, ಉಪಸಂಹಾರ” ಎಂದ. ಅದರಲ್ಲಿ ಸುಳ್ಳಿರಲಿಲ್ಲ. ಹಾಗೆ ಕಲಿಸಿದವಳು ನಾನೇ.

ಬಿ.ಎಡ್. ಓದುವಾಗ ನಾವು ಬ್ಲೂಮ್ ಎಂಬವರ ವರ್ಗೀಕರಣವನ್ನು ಬಾಯಿಪಾಠ ಮಾಡಿದ್ದೆವು. ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯಮಾಪನ. ಪಾಠಯೋಜನೆಯ ಪುಸ್ತಕದಲ್ಲಿ ಅದನ್ನು ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದೂ ಆಯಿತು. ಆದರೆ ವಿಶ್ಲೇಷಣೆ ಎಂದರೆ ಮೇಜಿನ ಮುಂದೆ ಕುಳಿತವನು ನಿಜವಾಗಿ ಏನು ಮಾಡುತ್ತಾನೆ ಎಂದು ನನಗೆ ತಿಳಿದದ್ದು, ಈ ಹುಡುಗನಿಗಾಗಿ ಗುಪ್ತಚರ ತರಬೇತಿಯ ಬರಹಗಳನ್ನು ಹುಡುಕಿ ಓದಿದ ಮೇಲೆ.

ಅವುಗಳಲ್ಲಿ ಮೊದಲು ಸಿಕ್ಕಿದವರು ಷೆರ್ಮನ್ ಕೆಂಟ್. ಅವರೂ ಮೂಲತಃ ಮೇಷ್ಟ್ರು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಕಲಿಸುತ್ತಿದ್ದವರು ಎರಡನೆಯ ಮಹಾಯುದ್ಧದ ಕಾಲಕ್ಕೆ ಗುಪ್ತಚರ ಕೆಲಸಕ್ಕೆ ಬಂದರು. 1952ರಿಂದ 1967ರ ತನಕ ಸಿ.ಐ.ಎ.ಯಲ್ಲಿ ಅಂದಾಜು ವರದಿಗಳ ಕಚೇರಿಗೆ ಮುಖ್ಯಸ್ಥರಾಗಿದ್ದರು. 2000ದಲ್ಲಿ ಆ ಸಂಸ್ಥೆ ಹೊಸ ವಿಶ್ಲೇಷಕರ ತರಬೇತಿಗೆಂದು ತೆರೆದ ಶಾಲೆಗೆ ಅವರ ಹೆಸರನ್ನೇ ಇಟ್ಟಿತು.

1951ರ ಮಾರ್ಚಿನಲ್ಲಿ ಅವರ ಕಚೇರಿ ಒಂದು ವರದಿ ಬರೆಯಿತು. ಯುಗೊಸ್ಲಾವಿಯದ ಟಿಟೊ ರಷ್ಯದ ಸ್ಟಾಲಿನ್ ಜೊತೆ ಮುನಿಸಿಕೊಂಡು ಆಗ ಮೂರು ವರ್ಷ ಕಳೆದಿತ್ತು. ಆ ವರ್ಷ ಯುಗೊಸ್ಲಾವಿಯದ ಮೇಲೆ ದಾಳಿ ಆದೀತೇ ಎಂಬುದು ಪ್ರಶ್ನೆ. ದಾಳಿಯ ಸಾಧ್ಯತೆ ಗಂಭೀರವಾದದ್ದು ಎಂದು ವರದಿಯಲ್ಲಿ ಬರೆದರು. ಕೆಲವು ದಿನಗಳ ಮೇಲೆ ವಿದೇಶಾಂಗ ಇಲಾಖೆಯ ಒಬ್ಬ ದೊಡ್ಡ ಅಧಿಕಾರಿ ಕೆಂಟರನ್ನು ಮಾತಿನ ನಡುವೆ ಕೇಳಿದರು, ಗಂಭೀರ ಸಾಧ್ಯತೆ ಎಂದರೆ ನಿಮ್ಮ ಲೆಕ್ಕದಲ್ಲಿ ಎಷ್ಟು? ಕೆಂಟ್ ಹೇಳಿದರು, ನೂರಕ್ಕೆ 65. ಆ ಅಧಿಕಾರಿ ಬೆಚ್ಚಿಬಿದ್ದರು. ಅವರು ಅದೇ ಮಾತನ್ನು ಓದಿ ತೀರಾ ಕಡಿಮೆ ಎಂದು ತಿಳಿದುಕೊಂಡಿದ್ದರು.

ಕೆಂಟರಿಗೆ ಅಂದು ನಿದ್ದೆ ಬಂದಿರಲಾರದು. ಅವರು ತಮ್ಮ ಕಚೇರಿಗೆ ಹೋಗಿ, ಆ ವರದಿಯನ್ನು ಕೂಡಿ ಬರೆದಿದ್ದ ತಮ್ಮ ಮಂಡಳಿಯವರನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ನೀವು ಆ ಮಾತಿಗೆ ಒಪ್ಪಿ ಸಹಿ ಹಾಕಿದಿರಲ್ಲ, ನಿಮ್ಮ ಮನಸ್ಸಿನಲ್ಲಿದ್ದ ಅಂದಾಜು ಎಷ್ಟು? ಒಬ್ಬರ ಮನಸ್ಸಿನಲ್ಲಿ ದಾಳಿಯ ಪರವಾಗಿ 80 ಇತ್ತು, ಇನ್ನೊಬ್ಬರ ಮನಸ್ಸಿನಲ್ಲಿ 20. ಎಲ್ಲರೂ ಒಂದೇ ವಾಕ್ಯಕ್ಕೆ ಒಪ್ಪಿದ್ದರು! ಅಂದರೆ ಅವರು ಒಪ್ಪಿದ್ದು ಒಂದು ಶಬ್ದಕ್ಕೆ, ಒಂದು ಅರ್ಥಕ್ಕಲ್ಲ. (ಆ ವರ್ಷ ದಾಳಿ ನಡೆಯಲಿಲ್ಲ, ಅದು ಬೇರೆ ಮಾತು.)

ಆಮೇಲೆ ಕೆಂಟ್ ಸಂಭವವನ್ನು ಹೇಳುವ ಒಂದೊಂದು ಮಾತಿಗೂ ಒಂದೊಂದು ಅಂಕಿಯನ್ನು ಕಟ್ಟಿದರು. ‘ಬಹುತೇಕ ಖಚಿತ’ ಎಂದರೆ ನೂರಕ್ಕೆ 93ರ ಸುತ್ತಮುತ್ತ, ‘ಸಂಭವವಿದೆ’ ಎಂದರೆ 75ರ ಸುತ್ತಮುತ್ತ, ‘ಎರಡೂ ಸಮಸಮ’ ಎಂದರೆ 50, ಹೀಗೆ. ಈ ಕಥೆಯನ್ನು ಅವರು 1964ರಲ್ಲಿ ಬರೆದಿಟ್ಟರು. ಅವರ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಮಾತಿಗೆ ಅಂಕಿಯ ಹಗ್ಗ ಕಟ್ಟುವುದೇ? ಅವರನ್ನು ಕೆಂಟ್ ‘ಕವಿಗಳು’ ಎಂದು ಕರೆದು ತಮಾಷೆ ಮಾಡಿದ್ದಾರೆ. ಕವಿಗಳ ವಿರೋಧದಿಂದ ಪಟ್ಟಿ ಬಹಳ ಕಾಲ ಮೂಲೆಗೆ ಬಿತ್ತು. ಅಂಥದೇ ಒಂದು ಪಟ್ಟಿ ಅಮೆರಿಕದ ಎಲ್ಲ ಗುಪ್ತಚರ ಸಂಸ್ಥೆಗಳಿಗೂ ನಿಯಮವಾಗಿ ಬರಬೇಕಾದರೆ ಈ ಶತಮಾನವೇ ಬರಬೇಕಾಯಿತು. ಅದಕ್ಕೆ ಕಾರಣವಾದ ದೊಡ್ಡ ಎಡವಟ್ಟನ್ನು ಮುಂದೆ ಹೇಳುತ್ತೇನೆ.

ಇದನ್ನು ಓದುವಾಗ ನನ್ನ ಮನಸ್ಸು ನಮ್ಮ ಕನ್ನಡ ವ್ಯಾಕರಣದ ಪಾಠಕ್ಕೆ ಹೋಯಿತು. ಹೆತ್ತವರೇ, ಒಂದು ನಿಮಿಷ ನಿಮ್ಮ ಮನೆಯ ಮಾತನ್ನೇ ಕಿವಿಗೊಟ್ಟು ಕೇಳಿ. “ಮಳೆ ಬಂತು” ಎಂದರೆ ನಾನು ಕಂಡಿದ್ದೇನೆ. “ಮಳೆ ಬಂತಂತೆ” ಎಂದರೆ ನಾನು ಕಂಡಿಲ್ಲ, ಯಾರೋ ಹೇಳಿದರು. “ಮಳೆ ಬಂದಿರಬೇಕು” ಎಂದರೆ ಕಂಡೂ ಇಲ್ಲ, ಯಾರೂ ಹೇಳಲೂ ಇಲ್ಲ, ಅಂಗಳ ಒದ್ದೆಯಾಗಿದೆ, ಅದನ್ನು ನೋಡಿ ಊಹಿಸಿದೆ. “ಬಂದಿರಬಹುದು” ಎಂದರೆ ಊಹೆಗೂ ಅಷ್ಟು ಬಲವಿಲ್ಲ. ಮುಂದಿನದಕ್ಕೆ “ಬಂದೀತು”, ಇನ್ನೂ ಕಡಿಮೆಯಾದರೆ “ಬಂದರೂ ಬಂದೀತು”, ಇಲ್ಲವೆನಿಸಿದರೆ “ಬರಲಾರದು”. ನಮ್ಮ ಅಜ್ಜಿಯಂದಿರು ಇವುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುತ್ತಿರಲಿಲ್ಲ. ಕಾಣದ್ದನ್ನು ಕಂಡಂತೆ ಹೇಳಿದರೆ “ನೀನು ನೋಡಿದ್ದೆಯಾ?” ಎಂದು ಕೂಡಲೆ ಕೇಳುತ್ತಿದ್ದರು.

ಕಂಡದ್ದು, ಕೇಳಿದ್ದು, ಊಹಿಸಿದ್ದು. ಈ ಮೂರನ್ನು ಬೇರೆ ಬೇರೆ ಇಡಲು ಹೊಸ ವಿಶ್ಲೇಷಕರಿಗೆ ತಿಂಗಳುಗಟ್ಟಲೆ ತರಬೇತಿ ಕೊಡುತ್ತಾರೆ. ನಮ್ಮ ಮಕ್ಕಳಿಗೆ ಅದು ಕ್ರಿಯಾಪದದ ಬಾಲದಲ್ಲೇ ಸಿಕ್ಕಿದೆ. ಇದು ಕನ್ನಡಕ್ಕೆ ಮಾತ್ರ ಬಂದ ವರವೆಂದು ನಾನು ಹೇಳುವುದಿಲ್ಲ. ತುಳುವಿನಲ್ಲಿ “ಬತ್ತೆಗೆ” ಎನ್ನುತ್ತೇವೆ, ಮಲಯಾಳದಲ್ಲಿ “ವನ್ನತ್ರೇ” ಎನ್ನುತ್ತಾರೆ, ಅಲ್ಲೂ ಇದೇ ಎಚ್ಚರವಿದೆ. ನನ್ನ ಸಂಕಟ ಬೇರೆ. ಸಂಭಾವನಾರ್ಥಕ ರೂಪವನ್ನು ನಾವು ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಕಲಿಸುತ್ತೇವೆ. ‘ಬರು’ ಧಾತುವಿನ ಸಂಭಾವನಾರ್ಥಕ ರೂಪ ಬರೆಯಿರಿ. ಮಕ್ಕಳು “ಬಂದಾನು” ಎಂದು ಬರೆದು ಒಂದು ಅಂಕ ತೆಗೆದುಕೊಳ್ಳುತ್ತಾರೆ. ಅದೇ ಮಕ್ಕಳು ಸಮಾಜ ವಿಜ್ಞಾನದ ಉತ್ತರದಲ್ಲಿ, ಪ್ರಬಂಧದಲ್ಲಿ ಒಂದೇ ಒಂದು ಸಲವೂ “ಆಗಿರಬಹುದು” ಎಂದು ಬರೆಯುವುದಿಲ್ಲ. ಎಲ್ಲವೂ “ಆಗಿದೆ”, “ಆಗುತ್ತದೆ”. ಸಂಶಯಕ್ಕೆ ಅಂಕವಿಲ್ಲ ಎಂದು ಅವರಿಗೆ ನಾವೇ ಕಲಿಸಿಬಿಟ್ಟಿದ್ದೇವೆ.

ಸಂಶಯಕ್ಕೆ ಅಂಕ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 1973ರ ಒಂದು ನಡೆದ ಸಂಗತಿ ಇದೆ. ಇಸ್ರೇಲಿನ ಸೇನಾ ಗುಪ್ತಚರ ಇಲಾಖೆಯವರು ಒಂದು ಸಿದ್ಧಾಂತವನ್ನು ಗಟ್ಟಿಯಾಗಿ ನಂಬಿದ್ದರು. ದೂರಕ್ಕೆ ಹೋಗಿ ಹೊಡೆಯಬಲ್ಲ ವಿಮಾನಗಳು, ಕ್ಷಿಪಣಿಗಳು ಕೈಗೆ ಬರುವ ತನಕ ಈಜಿಪ್ಟ್ ಯುದ್ಧಕ್ಕೆ ಇಳಿಯದು, ಈಜಿಪ್ಟ್ ಇಳಿಯದೆ ಸಿರಿಯ ಇಳಿಯದು. ಸೂಯೆಜ್ ಕಾಲುವೆಯ ಆಚೆ ಬದಿಯಲ್ಲಿ ಈಜಿಪ್ಟಿನ ಸೈನ್ಯ ಜಮಾಯಿಸಿದಾಗ, ಅದು ವಾರ್ಷಿಕ ಕವಾಯತು ಎಂದರು. ದಕ್ಷಿಣ ವಿಭಾಗದ ಗುಪ್ತಚರ ಕಚೇರಿಯಲ್ಲಿ ಬೆಂಜಮಿನ್ ಸಿಮನ್-ಟೊವ್ ಎಂಬ ಎಳೆಯ ಲೆಫ್ಟಿನೆಂಟ್ ಇದ್ದ. ಅವನು ಅಕ್ಟೋಬರ್ 1ಕ್ಕೂ 3ಕ್ಕೂ ಎರಡು ಟಿಪ್ಪಣಿ ಬರೆದು, ಈ ಕವಾಯತು ಯುದ್ಧದ ತಯಾರಿಯನ್ನು ಮುಚ್ಚುವ ತೆರೆಯಾಗಿರಬಹುದು ಎಂದು ಕಾರಣ ಕೊಟ್ಟು ಹೇಳಿದ. ಮೇಲಿನ ಅಧಿಕಾರಿ ಆ ಟಿಪ್ಪಣಿಗಳನ್ನು ಮುಂದಕ್ಕೆ ಕಳುಹಿಸಲಿಲ್ಲ. ಅಕ್ಟೋಬರ್ 6ರ ಮಧ್ಯಾಹ್ನ ಎರಡೂ ಕಡೆಯಿಂದ ದಾಳಿ ಆಯಿತು. ಆಮೇಲೆ ಅಗ್ರನಾಟ್ ಆಯೋಗ ವಿಚಾರಣೆ ಮಾಡಿತು, ಇಲಾಖೆಯ ಮುಖ್ಯಸ್ಥರೇ ಕುರ್ಚಿ ಬಿಡಬೇಕಾಯಿತು.

ನಮ್ಮಲ್ಲೂ ಇಂಥದು ಆಗದೆ ಇಲ್ಲ. 1999ರ ಮೇ ತಿಂಗಳಲ್ಲಿ ಕಾರ್ಗಿಲ್ ಬೆಟ್ಟದ ಮೇಲೆ ಅಪರಿಚಿತರಿದ್ದಾರೆ ಎಂಬ ಸುದ್ದಿ ಮೊದಲು ಬಂದದ್ದು ಕುರಿಗಾಹಿಗಳಿಂದ. ಬಂದವರು ಉಗ್ರಗಾಮಿಗಳೆಂದು ಮೊದಲಿಗೆ ತಿಳಿದರು. ಪಾಕಿಸ್ತಾನದ ಸೈನಿಕರೇ ಎಂದು ಗೊತ್ತಾಗಲು ಸಮಯ ಹಿಡಿಯಿತು. ಕೆ. ಸುಬ್ರಹ್ಮಣ್ಯಂ ಅವರ ನೇತೃತ್ವದ ಸಮಿತಿ ಇದನ್ನೆಲ್ಲ ಪರಿಶೀಲಿಸಿ ವರದಿ ಕೊಟ್ಟಿದೆ.

ಬುದ್ಧಿವಂತರೇ ಯಾಕೆ ಹೀಗೆ ಎಡವುತ್ತಾರೆ? ರಿಚರ್ಡ್ಸ್ ಹೊಯರ್ ಎಂಬ ಸಿ.ಐ.ಎ. ಅಧಿಕಾರಿ ಇದರ ಮೇಲೆ ಬರೆದ ಪುಸ್ತಕ 1999ರಲ್ಲಿ ಬಂತು, ಈಗಲೂ ಹೊಸಬರಿಗೆ ಅದನ್ನು ಓದಿಸುತ್ತಾರೆ. ಅದರಲ್ಲಿ ಒಂದು ಪ್ರಯೋಗದ ವಿವರ ಇದೆ. ತೀರಾ ಮಸುಕಾದ ಚಿತ್ರವೊಂದನ್ನು ತೋರಿಸಿ, ನಿಧಾನವಾಗಿ ಸ್ಪಷ್ಟ ಮಾಡುತ್ತಾ ಹೋದರು. ಮಸುಕಿನ ಹಂತದಿಂದಲೇ ನೋಡುತ್ತಾ ಬಂದವರಿಗಿಂತ, ನಡುವೆ ಬಂದು ನೋಡಿದವರು ಬೇಗ ಗುರುತು ಹಿಡಿದರು. ಮೊದಲಿನವರು ಮಸುಕಿನಲ್ಲೇ ಏನೋ ಒಂದನ್ನು ಊಹಿಸಿಕೊಂಡಿದ್ದರು. ಆ ಊಹೆ ಕಣ್ಣಿಗೆ ಪೊರೆಯಾಯಿತು. ಶಾಲೆಯಲ್ಲಿ ಒಂದು ಮಗುವನ್ನು “ಇವನು ದಡ್ಡ” ಎಂದು ಜೂನಿನಲ್ಲೇ ನಿರ್ಧರಿಸಿದ ಟೀಚರಿಗೂ ಇದೇ ಆಗುತ್ತದೆ. ನನಗೂ ಆಗಿದೆ.

ಇದಕ್ಕೆ ಹೊಯರ್ ಹೇಳುವ ಮದ್ದು ಸರಳ. ಒಂದು ಊಹೆಯನ್ನು ಹಿಡಿದುಕೊಂಡು ಅದಕ್ಕೆ ಸಾಕ್ಷಿ ಹುಡುಕಬೇಡ. ಸಾಧ್ಯವಿರುವ ಎಲ್ಲ ಊಹೆಗಳನ್ನೂ ಸಾಲಾಗಿ ಬರೆ. ಒಂದೊಂದು ಸಾಕ್ಷಿಯನ್ನೂ ತೆಗೆದು, ಇದು ಯಾವ ಊಹೆಗೆ ಹೊಂದುವುದಿಲ್ಲ ಎಂದು ಕೇಳು. ಎಲ್ಲ ಊಹೆಗೂ ಹೊಂದುವ ಸಾಕ್ಷಿ ಸಾಕ್ಷಿಯೇ ಅಲ್ಲ. ನಮ್ಮ ಕಂಗಿನ ತೋಟದಲ್ಲಿ ನೋಡಿ. ಸೋಗೆ ಹಳದಿಯಾಯಿತು. ಹಳದಿ ಎಲೆ ರೋಗ ಎಂದು ತಲೆಗೆ ಕೈ ಹೊತ್ತು ಕುಳಿತುಕೊಳ್ಳುವವರಿದ್ದಾರೆ. ಬುಡದಲ್ಲಿ ನೀರು ನಿಂತರೂ ಸೋಗೆ ಹಳದಿಯಾಗುತ್ತದೆ, ಗೊಬ್ಬರ ಸಾಲದಿದ್ದರೂ ಆಗುತ್ತದೆ, ಬೇರಿಗೆ ಹುಳ ಬಿದ್ದರೂ ಆಗುತ್ತದೆ. ಹಾಗಾದರೆ ಹಳದಿ ಬಣ್ಣ ನಮಗೆ ಹೇಳಿದ್ದು ಏನು? ಮರಕ್ಕೆ ಸೌಖ್ಯವಿಲ್ಲ ಎಂದಷ್ಟೆ. ಬುಡ ಬಿಡಿಸಿ ಬೇರು ನೋಡಬೇಕು, ಕಣಿಯಲ್ಲಿ ನೀರು ಹರಿಯುತ್ತದೆಯೇ ನೋಡಬೇಕು. ನಿಮ್ಮಲ್ಲಿ ತೋಟ ಇದ್ದವರು ಇದನ್ನು ದಿನಾ ಮಾಡುತ್ತೀರಿ. ಮಗು ಪರೀಕ್ಷೆಯಲ್ಲಿ ಅಂಕ ಕಡಿಮೆ ತಂದಾಗ ಮಾತ್ರ, “ಮೊಬೈಲು ನೋಡಿಯೇ ಹೀಗಾದದ್ದು” ಎಂಬ ಒಂದೇ ಊಹೆಯಲ್ಲಿ ನಿಂತುಬಿಡುತ್ತೀರಿ.

ಇಸ್ರೇಲಿನವರು ಯುದ್ಧದ ಪೆಟ್ಟು ತಿಂದ ಮೇಲೆ, ಎಲ್ಲರೂ ಒಪ್ಪಿದ್ದಕ್ಕೆ ವಿರುದ್ಧವಾಗಿ ವಾದ ಮಾಡುವುದನ್ನೇ ಕೆಲವು ವಿಶ್ಲೇಷಕರ ಉದ್ಯೋಗವನ್ನಾಗಿ ಮಾಡಿದರು. ಇದನ್ನು ಓದಿ ನನಗೆ ನಗು ಬಂತು. ನಮ್ಮ ಊರಿನಲ್ಲಿ ತಾಳಮದ್ದಳೆ ಇದೆಯಲ್ಲ! ಇವತ್ತು ರಾಮನ ಅರ್ಥ ಹೇಳಿದವರು ನಾಳೆ ವಾಲಿಯ ಅರ್ಥ ಹೇಳುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುವಾಗ ರಾಮನ ಭಕ್ತರೂ ತಲೆದೂಗುತ್ತಾರೆ. ನಮ್ಮ ನೆಲದವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು, ರಾವಣನನ್ನು ಕೇಳಿದ ಹಿರಿಯರು ಈ ಸಭೆಯಲ್ಲಿ ಇರಬಹುದು. ಎದುರು ಪಕ್ಷವನ್ನು ಅಷ್ಟು ಬಲವಾಗಿ ಮಂಡಿಸಲು ಬಾರದವನಿಗೆ ತನ್ನ ಪಕ್ಷವೂ ಪೂರ್ತಿ ತಿಳಿದಿಲ್ಲ ಎಂಬುದು ಆ ಕಲೆಯ ಒಳಗೇ ಇದೆ. ಮನೆಯಲ್ಲಿ ಮಗು ಎದುರು ಮಾತಾಡಿದರೆ ಅಧಿಕಪ್ರಸಂಗ ಎನ್ನುತ್ತೇವೆ. ಕೆಲವೊಮ್ಮೆ ಅದು ಅಧಿಕಪ್ರಸಂಗವೇ ಆಗಿರುತ್ತದೆ ಎನ್ನಿ.

ಈಗ ಆ ದೊಡ್ಡ ಎಡವಟ್ಟಿನ ಮಾತು. 2002ರ ಅಕ್ಟೋಬರಿನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗಳು ಸೇರಿ ಇರಾಕಿನ ಬಗ್ಗೆ ಒಂದು ಅಂದಾಜು ವರದಿ ಕೊಟ್ಟವು. ಇರಾಕಿನಲ್ಲಿ ರಾಸಾಯನಿಕ, ಜೈವಿಕ ಅಸ್ತ್ರಗಳಿವೆ, ಅಣ್ವಸ್ತ್ರದ ಕೆಲಸ ಮತ್ತೆ ಶುರುವಾಗಿದೆ ಎಂದು. ಒಂದು ಸಾಕ್ಷಿ, ಇರಾಕ್ ತರಿಸುತ್ತಿದ್ದ ಅಲ್ಯುಮಿನಿಯಂ ಕೊಳವೆಗಳು. ಅವು ಅಣ್ವಸ್ತ್ರದ ಯಂತ್ರಕ್ಕಿರಬೇಕು ಎಂದರು ಒಬ್ಬರು, ಅಲ್ಲ, ಸಾಧಾರಣ ರಾಕೆಟ್ಟಿಗಿರಬೇಕು ಎಂದರು ಅಣುಯಂತ್ರಗಳ ವಿಷಯ ಬಲ್ಲ ಇಂಧನ ಇಲಾಖೆಯ ತಜ್ಞರು. ತಜ್ಞರ ಭಿನ್ನಮತ ವರದಿಯೊಳಗೆ ಇದ್ದೂ ಇಲ್ಲದಂತಾಯಿತು. ಇನ್ನೊಂದು ಸಾಕ್ಷಿ, ಲಾರಿಯ ಮೇಲೆ ಓಡಾಡುವ ಜೈವಿಕ ಅಸ್ತ್ರದ ಕಾರ್ಖಾನೆಗಳು. ಇದರ ಮೇಲೆ ನೂರರ ಹತ್ತಿರ ವರದಿಗಳು ಬಂದಿದ್ದವು. ನೂರು ವರದಿ ಎಂದರೆ ಸಾಮಾನ್ಯವೇ? ಆದರೆ ಆ ನೂರೂ ಹೊರಟದ್ದು ಜರ್ಮನಿಯಲ್ಲಿ ಆಶ್ರಯ ಪಡೆದಿದ್ದ ಒಬ್ಬನೇ ಇರಾಕಿ ಮನುಷ್ಯನ ಬಾಯಿಯಿಂದ. ಅವನು ಹೇಳಿದ್ದು ಕಟ್ಟುಕಥೆ. 2003ರಲ್ಲಿ ಯುದ್ಧವೇ ನಡೆದು ಹೋಯಿತು, ಹುಡುಕಿದವರಿಗೆ ಅಂಥ ಅಸ್ತ್ರಗಳ ದಾಸ್ತಾನು ಸಿಗಲಿಲ್ಲ.

ಆಗ ವಿದೇಶಾಂಗ ಮಂತ್ರಿಯಾಗಿದ್ದ ಕಾಲಿನ್ ಪೊವೆಲ್ ತಮ್ಮ ಗುಪ್ತಚರ ಅಧಿಕಾರಿಗಳಿಗೆ ಹಾಕಿಕೊಟ್ಟ ನಿಯಮ ಬಹಳ ಚಂದದ್ದು. ಗೊತ್ತಿರುವುದನ್ನು ಹೇಳಿ, ಗೊತ್ತಿಲ್ಲದ್ದನ್ನು ಹೇಳಿ, ನಿಮ್ಮ ಊಹೆಯನ್ನೂ ಹೇಳಿ, ಆದರೆ ಯಾವುದು ಯಾವುದೆಂದು ಬೇರೆ ಮಾಡಿ ಹೇಳಿ ಎಂದು. ಇದೇ ಪೊವೆಲ್ 2003ರ ಫೆಬ್ರವರಿ 5ರಂದು ವಿಶ್ವಸಂಸ್ಥೆಯಲ್ಲಿ ನಿಂತು ಆ ಲಾರಿ ಕಾರ್ಖಾನೆಗಳ ವಿಷಯವನ್ನು ಕಂಡದ್ದನ್ನು ಹೇಳುವಂತೆ ಹೇಳಿದರು. ಅದು ತನ್ನ ಜೀವನದ ಕಲೆ ಎಂದು ಮುಂದೆ ಅವರೇ ಒಪ್ಪಿಕೊಂಡರು. ನಿಯಮ ಗೊತ್ತಿದ್ದವರಿಗೇ ಹೀಗಾಯಿತು.

ಇದಾದ ಮೇಲೆಯೇ ಬರೆಯುವ ನಿಯಮಗಳನ್ನು ಬಿಗಿ ಮಾಡಿದ್ದು. ಮೂಲ ಎಷ್ಟು ನಂಬಿಕೆಗೆ ಅರ್ಹ ಎಂದು ಬರೆಯಬೇಕು, ಊಹೆಯನ್ನು ಊಹೆಯೆಂದೇ ಬರೆಯಬೇಕು, ಸಂಭವದ ಮಾತನ್ನು ಪಟ್ಟಿಯಂತೆ ಬಳಸಬೇಕು, ಬೇರೆ ಸಾಧ್ಯತೆಯನ್ನೂ ಕಾಣಿಸಬೇಕು.

ಮೂಲದ ವಿಷಯದಲ್ಲಿ ನಮ್ಮ ಕೌಟಿಲ್ಯನ ಮಾತನ್ನು ಹೇಳದೆ ಹೋದರೆ ತಪ್ಪಾದೀತು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಓಲೆಗರಿಯಲ್ಲಿ ಸಿಕ್ಕಿ, 1909ರಲ್ಲಿ ಅವರು ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ ಇದು ಇದೆ. ಒಬ್ಬರ ಗುರುತು ಇನ್ನೊಬ್ಬರಿಗಿಲ್ಲದ ಚಾರರನ್ನು ಇಡಬೇಕು, ಮೂವರ ಮಾತು ಒಂದೇ ಆದರೆ ನಂಬಬೇಕು. ಗುರುತು ಇಲ್ಲದ ಎಂಬಲ್ಲೇ ಜೀವ ಇರುವುದು. ಒಂದೇ ಬಾವಿಯಿಂದ ಮೂರು ಕೊಡ ನೀರು ತಂದರೆ ಅದು ಮೂರು ಬಾವಿಯ ನೀರಾಗುವುದಿಲ್ಲ.

ಅಮೆರಿಕ, ಇರಾಕಿನ ಮಾತು ಸಾಕು. ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯ ವಿಷಯ ಹೇಳುತ್ತೇನೆ. ಊರು, ಹೆಸರು ಬೇಡ. ಮೇ ತಿಂಗಳ ರಜೆ. ಒಂದು ಸಂಜೆ ಹೆತ್ತವರ ವಾಟ್ಸಪ್ ಗುಂಪಿನಲ್ಲಿ ಒಂದು ಧ್ವನಿ ಸಂದೇಶ ಬಂತು, ಐದನೆಯ ತರಗತಿಯ ಕನ್ನಡ ಡಿವಿಷನ್ ಬರುವ ವರ್ಷ ಇರುವುದಿಲ್ಲವಂತೆ ಎಂದು. ಮರುದಿನಕ್ಕೆ ಆ ‘ಅಂತೆ’ ಬಿದ್ದುಹೋಗಿ “ಇರುವುದಿಲ್ಲ” ಎಂದಾಯಿತು. ಮೂರನೆಯ ದಿನ “ಆರ್ಡರ್ ಬಂದಿದೆ” ಎಂದಾಯಿತು. ಮೂರು ಮಂದಿ ಬೇರೆ ಬೇರೆ ಹೇಳಿದ ಮೇಲೆ ಸುಳ್ಳಾಗುವುದುಂಟೇ ಎಂದು ಒಂಬತ್ತು ಮನೆಯವರು ಟಿ.ಸಿ. ತೆಗೆದುಕೊಂಡು ಹೋದರು. ಯಾವ ಆರ್ಡರೂ ಬಂದಿರಲಿಲ್ಲ. ಜೂನಿನಲ್ಲಿ ಆರನೆಯ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ, ಅದರ ಮೇಲೆ ಡಿವಿಷನ್, ಹುದ್ದೆ ನಿಲ್ಲುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಲೆಕ್ಕಕ್ಕೆ ಮಕ್ಕಳು ಸಾಲಲಿಲ್ಲ. ಡಿವಿಷನ್ ನಿಜವಾಗಿಯೂ ಹೋಯಿತು.

ಆಮೇಲೆ ನಾವು ಒಬ್ಬೊಬ್ಬರನ್ನೇ ಕೇಳುತ್ತಾ ಹಿಂದೆ ಹಿಂದೆ ಹೋದೆವು. ನಿಮಗೆ ಹೇಳಿದ್ದು ಯಾರು? ಅವರಿಗೆ? ಕೊನೆಗೆ ಸಿಕ್ಕಿದ್ದು ಒಂದೇ ಬಾವಿ. ಇಬ್ಬರು ಅಧ್ಯಾಪಕರು ಬಸ್ಸಿನಲ್ಲಿ ಮಾತಾಡಿಕೊಂಡದ್ದು ಹಿಂದಿನ ಸೀಟಿನ ಒಬ್ಬ ತಾಯಿಯ ಕಿವಿಗೆ ಬಿದ್ದಿತ್ತು. ಅವರು ಆಡಿದ ಮಾತು, “ಮಕ್ಕಳು ಕಡಿಮೆಯಾದರೆ ಡಿವಿಷನ್ ಉಳಿಯಲಾರದು” ಎಂದು. ‘ಆದರೆ’ ಎಂಬುದು ಮೊದಲು ಬಿತ್ತು, ‘ಲಾರದು’ ಎಂಬುದು ಆಮೇಲೆ, ‘ಅಂತೆ’ ಎಂಬುದು ಕೊನೆಗೆ. ಆ ತಾಯಿಯನ್ನು ನಾನು ದೂರುವುದಿಲ್ಲ. ಗುಂಪಿನಲ್ಲಿ ನಾನೂ ಇದ್ದೆ. ನನಗೆ ಸರಿಯಾಗಿ ಗೊತ್ತಿಲ್ಲವಲ್ಲ, ಹೇಳಿ ಯಾಕೆ ಸಿಕ್ಕಿಬೀಳುವುದು ಎಂದು ಸುಮ್ಮನಿದ್ದೆ. “ಇವತ್ತಿನ ತನಕ ಶಾಲೆಗೆ ಯಾವ ಆದೇಶವೂ ಬಂದಿಲ್ಲ. ಮುಂದೆ ಏನೆಂದು ನನಗೆ ಗೊತ್ತಿಲ್ಲ. ಜೂನಿನ ಲೆಕ್ಕದ ದಿನ ಮಕ್ಕಳು ಕಡಿಮೆಯಾದರೆ ತೊಂದರೆ ಆದೀತು” ಎಂದು ಮೂರು ವಾಕ್ಯ ಬರೆದು ಹಾಕಬಹುದಿತ್ತು. ಗೊತ್ತಿಲ್ಲ ಎಂಬುದನ್ನೂ ಬರೆಯಬಹುದು ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಅದಕ್ಕೇ ಈಗ ನನ್ನ ತರಗತಿಯಲ್ಲಿ ಒಂದು ಪುಸ್ತಕ ಇಡಿಸಿದ್ದೇನೆ. ನಲವತ್ತು ಪುಟದ ಸಾದಾ ಪುಸ್ತಕ. ವಾರಕ್ಕೆ ಒಂದು ದಿನ, ತಾನು ಕೇಳಿದ ಒಂದು ಸುದ್ದಿಯನ್ನು ಮಗು ಅರ್ಧ ಪುಟದಲ್ಲಿ ಬರೆಯಬೇಕು. ಪೀಠಿಕೆ ಬೇಡ. ಮೊದಲ ವಾಕ್ಯದಲ್ಲೇ ತನ್ನ ತೀರ್ಮಾನ ಬರಬೇಕು. ವಿಶ್ಲೇಷಕರಿಗೆ ಇದು ಮೊದಲ ಪಾಠ. ಓದುವ ದೊಡ್ಡವರಿಗೆ ಸಮಯವಿಲ್ಲ, ಮೊದಲ ಸಾಲು ಓದಿ ಎದ್ದುಹೋದರೂ ಅವರಿಗೆ ಮುಖ್ಯವಾದದ್ದು ಸಿಕ್ಕಿರಬೇಕು. ಆಮೇಲೆ ಯಾರು ಹೇಳಿದರು, ಅವರು ಕಂಡದ್ದೇ ಕೇಳಿದ್ದೇ, ತನಗೆ ಗೊತ್ತಿಲ್ಲದ್ದು ಏನು, ಏನನ್ನು ನೋಡಿದರೆ ತನ್ನ ತೀರ್ಮಾನ ಬದಲಾದೀತು. ಕೊನೆಯದು ಕಷ್ಟ. ದೊಡ್ಡವರಿಗೂ ಕಷ್ಟ.

ಹೆತ್ತವರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಮಗು ಏನಾದರೂ ಹೇಳಿದರೆ “ನೀನು ನೋಡಿದ್ದೆಯಾ, ಯಾರಾದರೂ ಹೇಳಿದರಾ?” ಎಂದು ಕೇಳಿ. ಗದರಿಸಿ ಅಲ್ಲ, ಸುಮ್ಮನೆ ಕೇಳಿ. ಅದೇ ಪ್ರಶ್ನೆ ಮಗು ನಿಮಗೆ ಹಿಂದಿರುಗಿ ಕೇಳಿದರೆ ಸಿಟ್ಟು ಮಾಡಬೇಡಿ. ಪುಸ್ತಕದಲ್ಲಿ “ಗೊತ್ತಿಲ್ಲ” ಎಂಬ ಮಾತು ಕಂಡರೆ ಮಗು ಓದಲಿಲ್ಲ ಎಂದು ತಿಳಿಯಬೇಡಿ, ಅದಕ್ಕೆ ನಾನು ಅಂಕ ಕೊಟ್ಟಿರುತ್ತೇನೆ.

ಕಳೆದ ಸಭೆಯಲ್ಲಿ ಒಬ್ಬ ತಂದೆ ಕೇಳಿದರು, “ಟೀಚರ್, ಇದೆಲ್ಲ ಕನ್ನಡದಲ್ಲಿ ಬರೆಸಿ ಏನು ಪ್ರಯೋಜನ? ನಾಳೆ ಪರೀಕ್ಷೆ ಇಂಗ್ಲಿಷಿನಲ್ಲಿ ಅಲ್ಲವೇ?” ನ್ಯಾಯವಾದ ಪ್ರಶ್ನೆ. ಇಂಗ್ಲಿಷ್ ಕಲಿಯಲೇಬೇಕು, ಚೆನ್ನಾಗಿಯೇ ಕಲಿಯಬೇಕು, ನಮ್ಮ ಮಕ್ಕಳಿಗೆ ಮಲಯಾಳವೂ ಬೇಕು. ಆದರೆ ಅರ್ಧ ಬರುವ ಭಾಷೆಯಲ್ಲಿ ಮಗು ಉತ್ತರ ಒಪ್ಪಿಸಬಲ್ಲದು, ಸಂಶಯಪಡಲಾರದು. “ಆಗಿರಬೇಕು” ಮತ್ತು “ಆಗಿರಬಹುದು” ಇವುಗಳ ನಡುವಿನ ಕೂದಲೆಳೆಯ ಅಂತರ ಗೊತ್ತಿರುವುದು ಅಮ್ಮನ ಜೊತೆ ವಾದ ಮಾಡಿದ ಭಾಷೆಯಲ್ಲಿ. ಅಲ್ಲಿ ತೂಗಲು ಕಲಿತವರು ಆ ತಕ್ಕಡಿಯನ್ನು ಇನ್ನೊಂದು ಭಾಷೆಗೆ ತೆಗೆದುಕೊಂಡು ಹೋಗಬಹುದು. ನನ್ನ ಹಳೆಯ ವಿದ್ಯಾರ್ಥಿ ಅದನ್ನೇ ಮಾಡಿದ. ಮೊದಲು ಕನ್ನಡದಲ್ಲಿ ಅರ್ಧ ಪುಟ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ. ಪರೀಕ್ಷೆ ಬರೆದಿದ್ದಾನೆ, ಫಲಿತಾಂಶ ಬಂದಿಲ್ಲ. “ಸಿಕ್ಕೀತೇ?” ಎಂದು ಕೇಳಿದರೆ “ನೂರಕ್ಕೆ ನಲವತ್ತು ಟೀಚರ್” ಎನ್ನುತ್ತಾನೆ.

ಪುಸ್ತಕಗಳನ್ನು ಸಭೆ ಮುಗಿದ ಮೇಲೆ ಆರನೆಯ ತರಗತಿಯ ಕೋಣೆಯಲ್ಲಿ ಇಟ್ಟಿರುತ್ತೇವೆ, ನಿಮ್ಮ ನಿಮ್ಮ ಮಗುವಿನದನ್ನು ಓದಿ ನೋಡಿ. ಮಗುವಿನ ಹೆಸರು ಹೇಳದೆ ಒಂದನ್ನು ಇಲ್ಲೇ ಓದುತ್ತೇನೆ.

“ನಾಳೆ ಬಸ್ಸು ಬಂದರೂ ಬಂದೀತು. ಮುಷ್ಕರ ಉಂಟಂತೆ ಎಂದು ಅಂಗಡಿಯ ಮಾವ ಹ��ಳಿದರು. ಅವರಿಗೆ ಹೇಳಿದ್ದು ಯಾರೆಂದು ಅವರಿಗೆ ನೆನಪಿಲ್ಲ. ಅಪ್ಪ ಪೇಪರಿನಲ್ಲಿ ನೋಡಿದರು, ಇರಲಿಲ್ಲ. ಆದರೆ ಪೇಪರು ನಿನ್ನೆಯದು. ನಾನು ಎಂಟೂವರೆಗೆ ಸ್ಟಾಪಿನಲ್ಲಿ ನಿಂತು ನೋಡುತ್ತೇನೆ. ಒಂಬತ್ತರ ತನಕ ಬಾರದಿದ್ದರೆ ಮುಷ್ಕರ ಇರಬೇಕು.”

ಕೆಳಗೆ ಮರುದಿನ ಬೇರೆ ಬಣ್ಣದ ಪೆನ್ನಿನಲ್ಲಿ ಬರೆದದ್ದು ಹೀಗಿದೆ: “ಬಸ್ಸು ಬಂತು. ಒಂಬತ್ತಕ್ಕೆ ಐದು ನಿಮಿಷ ಇರುವಾಗ.”